ಕೂಟದ ಬಸ್ಸು, ಊರಿನ ಬಸ್ಸು: ಮಾಡಬೇಕಾದ್ದು, ಮಾಡಬಾರದ್ದು

2030ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಅಹಮದಾಬಾದಿನಲ್ಲಿ ಸಾರಿಗೆ ಯೋಜನೆ ಹಾಕಲು ಕೂರುವವರಿಗೆ ಈ ಸೂಚನೆ. ಕೂಟ ಆ ಊರಿಗೆ ಖಚಿತವಾದದ್ದು 2025ರ ನವೆಂಬರ್ 26ರಂದು. ಅತಿಥಿಗಳನ್ನು ಸ್ಟೇಡಿಯಂ ಮುಟ್ಟಿಸುವುದು ಎಲ್ಲ ಊರಿಗೂ ಹೇಗೋ ಒದಗುತ್ತದೆ. ಅದೇ ದಿನ ಊರಿನವರು ಕೆಲಸಕ್ಕೆ ಹೋಗಿ ಹೊತ್ತಿಗೆ ಸರಿಯಾಗಿ ಮನೆ ಸೇರಿದರೇ ಎಂದು ಕೇಳುವವರು ಕಡಿಮೆ.

ಮಾಡಬಾರದ್ದು

ದಿನದ ಬಸ್ಸನ್ನು ಕಿತ್ತು ಕೂಟಕ್ಕೆ ಕೊಡಬೇಡಿ. ಕರ್ನಾಟಕದವರಿಗೆ ಇದು ಗೊತ್ತಿರುವ ಸಂಗತಿಯೇ. ಎಲ್ಲೋ ಸಮಾವೇಶ ಎಂದರೆ ಡಿಪೊದ ಬಸ್ಸೆಲ್ಲ ಅತ್ತ ಹೊರಡುತ್ತವೆ, ಹಳ್ಳಿಯ ಟ್ರಿಪ್ ಕಟ್ ಆಗುತ್ತದೆ, ಪಾಸ್ ಕೈಯಲ್ಲಿರುವ ಕಾಲೇಜು ಹುಡುಗ ಟೆಂಪೊಗೆ ದುಡ್ಡು ಕೊಟ್ಟು ಹೋಗುತ್ತಾನೆ. ಕೂಟಕ್ಕೆ ಬೇಕಾದ ಬಸ್ಸನ್ನು ಬೇರೆಯಾಗಿಯೇ ತನ್ನಿ. 1947ರಿಂದ ಓಡುತ್ತಿರುವ, ಅಹಮದಾಬಾದಿನ ಸಿಟಿ ಬಸ್ಸು ಸೇವೆ ಎಎಂಟಿಎಸ್‌ನ ಒಂದು ಷೆಡ್ಯೂಲನ್ನೂ, 2009ರಲ್ಲಿ ಶುರುವಾದ ಪ್ರತ್ಯೇಕ ಲೇನಿನ ಬಸ್ಸು ಸೇವೆ ಜನಮಾರ್ಗದ ಒಂದು ಟ್ರಿಪ್ಪನ್ನೂ ಮುಟ್ಟಬೇಡಿ.

ಹಾಗೆ ತಂದ ಬಸ್ಸಿಗೆ ಊರು ಗೊತ್ತಿಲ್ಲದ ಡ್ರೈವರನ್ನು ಕೂರಿಸಬೇಡಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಹೊರಊರಿನಿಂದ ಬಂದ ಡ್ರೈವರುಗಳು ದಾರಿ ಹುಡುಕುತ್ತ ಸುತ್ತಿದರು. ಆಟಗಾರರೂ ಪತ್ರಕರ್ತರೂ ಕಾದು ಕೂತರು.

ಹೊಸ ಮಾರ್ಗವನ್ನು ಕೂಟದವರಿಗಷ್ಟೇ ಮೀಸಲಿಡಬೇಡಿ. ರಿಯೊ ಡಿ ಜನೈರೊದ ಮೆಟ್ರೊ 4ನೇ ಮಾರ್ಗ 2016ರ ಒಲಿಂಪಿಕ್ಸ್‌ಗೆ ಕೆಲವೇ ದಿನ ಮುಂಚೆ ತೆರೆಯಿತು. ಹತ್ತಲು ಬಿಟ್ಟದ್ದು ಕೂಟದ ಟಿಕೆಟ್ಟೋ ಗುರುತಿನ ಚೀಟಿಯೋ ಇದ್ದವರನ್ನು. ಮಿಕ್ಕವರಿಗೆ ಬಾಗಿಲು ತೆರೆದದ್ದು ಸೆಪ್ಟೆಂಬರ್‌ನಲ್ಲಿ, ಪ್ಯಾರಾಲಿಂಪಿಕ್ಸ್ ಕೂಡ ಮುಗಿದ ಮೇಲೆ.

ಲೇನಿಗೂ ಇದೇ ಮಾತು. 2010ರ ದೆಹಲಿ ಕೂಟದಲ್ಲಿ ಮೀಸಲು ಲೇನಿಗೆ ನುಗ್ಗಿದವರಿಗೆ 2,000 ರೂಪಾಯಿ ದಂಡವಿತ್ತು. ಲೇನೇ ಬೇಡ ಎನ್ನುತ್ತಿಲ್ಲ. ಅದರಲ್ಲಿ ಸಿಟಿ ಬಸ್ಸಿಗೂ ಹಕ್ಕಿರಲಿ. ಕಾರಿನಲ್ಲಿ ಒಬ್ಬರೇ ಕೂತ ಗಣ್ಯರು ಸರ್ರನೆ ಸಾಗುವಾಗ, ಬಾಗಿಲವರೆಗೂ ಜನ ನೇತಾಡುವ ಬಸ್ಸು ಪಕ್ಕದ ಸಾಲಿನಲ್ಲಿ ಬೇಯಬಾರದು. ಆ ಕೂಟದ ಹೊತ್ತಿಗೆ ದೆಹಲಿಯಲ್ಲಿ ಖಾಸಗಿ ಬ್ಲೂಲೈನ್ ಬಸ್ಸುಗಳನ್ನೂ ರಸ್ತೆಯಿಂದ ಇಳಿಸಿದರು. ಅವು ಜೀವ ತೆಗೆದ ಬಸ್ಸುಗಳು, ಹೋದದ್ದಕ್ಕೆ ಅಳುವವರಿಲ್ಲ. ಆದರೂ ಬದಲಿ ಬಸ್ಸು ರಸ್ತೆಗಿಳಿಯುವ ಮುಂಚೆ ಇರುವುದನ್ನು ತೆಗೆಯಬೇಡಿ.

ದರ ಏರಿಸಬೇಡಿ. 2024ರ ಒಲಿಂಪಿಕ್ಸ್ ಹೊತ್ತಿಗೆ ಪ್ಯಾರಿಸ್ ಮೆಟ್ರೊ ಟಿಕೆಟ್ 2.15 ಯೂರೋದಿಂದ 4 ಯೂರೋಗೆ ಹೋಯಿತು. ಪಾಸ್ ಇದ್ದ ಊರಿನವರಿಗೆ ಬಿಸಿ ತಟ್ಟಲಿಲ್ಲ ಎಂದು ಸಮಾಧಾನ ಹೇಳಿದರು. ಇಲ್ಲಿ ಆ ಸಮಾಧಾನ ನಡೆಯದು. ನಮ್ಮ ದಿನಗೂಲಿಯವರಿಗೆ ತಿಂಗಳ ಪಾಸ್‌ನ ದುಡ್ಡನ್ನು ಒಟ್ಟಿಗೆ ಹೊಂದಿಸುವುದೇ ಕಷ್ಟ. ದಿನಾ ಟಿಕೆಟ್ ತೆಗೆಯುವವರು ಅವರೇ.

ಪಾರ್ಕಿಂಗ್‌ಗೆ ಜಾಗ ಬೇಕೆಂದು ಗುಡಿಸಲು ಎಬ್ಬಿಸಬೇಡಿ.

ಮಾಡಬೇಕಾದ್ದು

ಮೊದಲು ಲೆಕ್ಕ ಹಾಕಿ, ಬಾಯಲ್ಲಲ್ಲ, ಕಾಗದದ ಮೇಲೆ. ಅಹಮದಾಬಾದಿನ ಮೊಟೇರಾದ ಸ್ಟೇಡಿಯಂನಲ್ಲಿ 1,32,000 ಆಸನ. ಅಲ್ಲಿನ ಮೆಟ್ರೊಗೆ ಮೂರೇ ಬೋಗಿ. ರೈಲೊಂದಕ್ಕೆ ಸಾವಿರ ಜನ ಎಂದು ಧಾರಾಳವಾಗಿ ಹಿಡಿದರೂ, ತುಂಬಿದ ಸ್ಟೇಡಿಯಂ ಖಾಲಿಯಾಗಲು 132 ರೈಲು ಬೇಕು. ಐದು ನಿಮಿಷಕ್ಕೊಂದರಂತೆ ಎರಡೂ ದಿಕ್ಕಿಗೆ ಬಿಟ್ಟರೆ ಐದೂವರೆ ಗಂಟೆ. ಮೆಟ್ರೊ ಬಂತಲ್ಲ ಎಂದು ನಿಶ್ಚಿಂತರಾದವರು ಈ ಸಾಲನ್ನು ಇನ್ನೊಮ್ಮೆ ಓದಲಿ. ಹೊರೆ ಹೊರಬೇಕಾದದ್ದು ಬಸ್ಸೇ.

ಪ್ರವೇಶದ ಟಿಕೆಟ್‌ನಲ್ಲೇ ಆ ದಿನದ ಬಸ್ಸು, ಮೆಟ್ರೊ ಎರಡೂ ಸೇರಲಿ. 2010ರಲ್ಲಿ ವ್ಯಾಂಕೂವರ್, 2012ರಲ್ಲಿ ಲಂಡನ್ ಹೀಗೆ ಮಾಡಿದವು. ಪ್ರೇಕ್ಷಕರ ಕಾರಿಗೆ ಪಾರ್ಕಿಂಗ್ ಕೊಡಬೇಡಿ, ಅಂಗವಿಕಲರ ವಾಹನಕ್ಕೆ ಬಿಟ್ಟು.

ಯಾವ ನಿಲ್ದಾಣ ಮುಚ್ಚುತ್ತದೆ, ಬದಲಿಗೆ ಎಲ್ಲಿ ಇಳಿಯಬೇಕು ಎಂಬುದನ್ನು ಹಿಂದಿನ ದಿನವೇ ಸಾರಿ ಹೇಳಿ, ಗುಜರಾತಿಯಲ್ಲೂ ಹಿಂದಿಯಲ್ಲೂ. 2025ರ ಜೂನ್ 4ರ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಐಪಿಎಲ್ ಗೆಲುವಿನ ಸಂಭ್ರಮಕ್ಕೆ ಜನ ಉಕ್ಕಿದಾಗ ಮೆಟ್ರೊ ರೈಲುಗಳು ಕಬ್ಬನ್ ಪಾರ್ಕ್, ವಿಧಾನಸೌಧ ನಿಲ್ದಾಣಗಳಲ್ಲಿ ನಿಲ್ಲಲಿಲ್ಲ. ಕ್ರೀಡಾಂಗಣದ ಗೇಟುಗಳ ಬಳಿಯ ಕಾಲ್ತುಳಿತದಲ್ಲಿ 11 ಜನ ಸತ್ತರು. ನಿಲ್ದಾಣ ಮುಚ್ಚುವ ತೀರ್ಮಾನ ಜನ ಸೇರಿದ ಮೇಲೆ ತೆಗೆದುಕೊಳ್ಳುವಂಥದ್ದಲ್ಲ.

ಗಾಲಿಕುರ್ಚಿಯಲ್ಲಿ ಕೂತವರನ್ನೇ ಕರೆಸಿ ಟ್ರಯಲ್ ಮಾಡಿಸಿ. ಅವರು ಮನೆಯಿಂದ ಹೊರಟು ಸೀಟು ಮುಟ್ಟುವವರೆಗೆ ಜೊತೆಗೆ ನಡೆಯಿರಿ. ಬಸ್ಸು ನಿಲ್ದಾಣದ ಕಟ್ಟೆಗೆ ಒಂದು ಗೇಣು ದೂರ ನಿಂತರೆ ರ‍್ಯಾಂಪ್ ಇದ್ದೂ ವ್ಯರ್ಥ; ಫುಟ್‌ಪಾತಿನ ಮಧ್ಯೆ ನೆಟ್ಟ ಒಂದು ಕಂಬ ಸಾಕು, ಅವರು ರಸ್ತೆಗಿಳಿಯಬೇಕು. ಲಿಫ್ಟ್ ಕೆಲಸ ಮಾಡುತ್ತದೆ ಎಂಬ ಪತ್ರ ಬೇಡ, ಏರಿ ನೋಡಿ. ಪ್ಯಾರಿಸ್‌ನಂಥ ಪ್ಯಾರಿಸ್‌ನಲ್ಲಿ ಕೂಡ ಪ್ಯಾರಾಲಿಂಪಿಕ್ಸ್ ಹೊತ್ತಿಗೆ ಪೂರ್ತಿಯಾಗಿ ಗಾಲಿಕುರ್ಚಿ ಓಡಾಡಬಹುದಾಗಿದ್ದ ಮೆಟ್ರೊ ಮಾರ್ಗ 14ನೆಯದು ಒಂದೇ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹಕ್ಕು ಎಂದಿದೆ, ಉಪಕಾರ ಎಂದಿಲ್ಲ.

ಡ್ರೈವರ್, ಕಂಡಕ್ಟರುಗಳ ಓವರ್‌ಟೈಮ್ ದರವನ್ನು ಕೂಟಕ್ಕೆ ಮುಂಚೆಯೇ ಬರೆದು ಕೊಡಿ.

ರಾತ್ರಿ ಬಸ್ಸಿನ ವೇಳಾಪಟ್ಟಿಯನ್ನು ಪಂದ್ಯ ಮುಗಿಯುವ ಹೊತ್ತಿಗೆ ಕಟ್ಟಬೇಡಿ, ಕಸ ಗುಡಿಸಿ ಮುಗಿಯುವ ಹೊತ್ತಿಗೆ ಕಟ್ಟಿ. ಪ್ರೇಕ್ಷಕರು ಹೋದ ಎರಡು ಗಂಟೆಯ ಮೇಲೆ ಹೊರಬರುವವರು ಪೊರಕೆ ಹಿಡಿದ ಹೆಂಗಸರು, ಕ್ಯಾಂಟೀನಿನ ಹುಡುಗರು, ಸೆಕ್ಯುರಿಟಿಯವರು. ಆ ಹೊತ್ತಿನಲ್ಲಿ ಆಟೊದವರು ಕೇಳುವುದು ಅವರ ಅರ್ಧ ದಿನದ ಕೂಲಿ. ಗುತ್ತಿಗೆದಾರರಿಂದ ಪಾಳಿ ಪಟ್ಟಿಯನ್ನೂ ಕೆಲಸಗಾರರ ಬಡಾವಣೆಗಳ ಹೆಸರನ್ನೂ ಲಿಖಿತವಾಗಿ ತರಿಸಿ. ಪಾಳಿ ಮುಗಿದ ಅರ್ಧ ಗಂಟೆಯೊಳಗೆ ವಟವಾ, ನರೋಡಾದಂಥ ಬಡಾವಣೆಗಳ ಕಡೆಗೆ ಬಸ್ಸು ಹೊರಡಲಿ, ಟಿಕೆಟ್ ಇಲ್ಲದೆ.