ಕುಂಟುವ ಕಾಲು ಎಷ್ಟಿವೆ?

ಪುಟ್ಟೀ,

ನೀನು ಕೊಟ್ಟುಹೋದ ಪ್ರಾಜೆಕ್ಟ್ ರಿಪೋರ್ಟನ್ನು ಎರಡು ಸಲ ಓದಿದೆ. ಸಾಲದ ಅರ್ಜಿ ನೋಡುತ್ತಲೇ ತಲೆ ನರೆತವನು ನಿನ್ನ ದೊಡ್ಡಪ್ಪ. ರಾಜಾಜಿನಗರದ ಲೇತ್ ಮಷೀನು, ವಿಜಯನಗರದ ಕಲ್ಯಾಣಮಂಟಪ, ಕೆಂಗೇರಿಯ ಕೋಳಿ ಫಾರಂ ಎಲ್ಲ ನನ್ನ ಟೇಬಲ್ಲಿಗೆ ಬಂದಿದ್ದವು. ಕುಂಟುವ ಕುದುರೆಗೆ ಈಜುಕೊಳ ಮಾತ್ರ ಬಂದಿರಲಿಲ್ಲ. ನಾನು ನಗಲಿಲ್ಲ, ನಿಮ್ಮಪ್ಪ ನಕ್ಕ. ಅದು ಬಿಡು.

ನಿನ್ನ ವಿದ್ಯೆಯ ಬಗ್ಗೆ ನನಗೆ ಅನುಮಾನವಿಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿ ಬಂದವಳಿಗೆ ನಾನು ಹೇಳಿಕೊಡುವುದೇನಿದೆ? ಮುಂಗಾಲಿನ ಸ್ನಾಯುರಜ್ಜು ಹರಿದರೆ ಮಾಗಲು ಒಂಬತ್ತು ತಿಂಗಳು, ವರ್ಷವೂ ಆಗಬಹುದು, ನೀರಿನಲ್ಲಿ ಕಾಲಿಗೆ ಭಾರ ಬೀಳದೆ ದಮ್ಮು ಉಳಿಯುತ್ತದೆ ಎಂದು ನೀನೇ ಬಿಡಿಸಿ ಹೇಳಿದೆ. ಕುದುರೆ ತಲೆ ಎತ್ತಿ ಬೆನ್ನು ಬಾಗಿಸಿ ಈಜುವುದರಿಂದ ಬೆನ್ನುನೋವಿರುವುದಕ್ಕೆ ಕೊಳ ಆಗಿಬರುವುದಿಲ್ಲ, ಓಡುವಾಗ ಶ್ವಾಸಕೋಶದಿಂದ ರಕ್ತ ಬರುವಂಥದ್ದನ್ನೂ ತೆರೆದ ಗಾಯ ಇರುವುದನ್ನೂ ಇಳಿಸುವಂತಿಲ್ಲ, ಭಾರವೇ ಬೀಳದಿದ್ದರೆ ಮೂಳೆ ಗಟ್ಟಿಯಾಗುವುದಿಲ್ಲ ಅಂತಲೂ ಅಂದೆ. ಹಾಗಾದರೆ ರಿಪೋರ್ಟಿನಲ್ಲಿ ‘ಬೆಂಗಳೂರಿನ ಕುದುರೆಗಳಲ್ಲಿ ನೂರಕ್ಕೆ ಹತ್ತು ಬಂದರೂ ಸಾಕು’ ಎಂದು ಯಾಕೆ ಬರೆದೆ? ನಿನ್ನ ಗಿರಾಕಿ ಊರಿನ ಕುದುರೆಗಳಲ್ಲಮ್ಮ. ಈಜಿಗೆ ಒಗ್ಗುವ ಗಾಯ ಇರುವ, ವಾಸಿ ಮಾಡಿಸಲು ಯಜಮಾನ ದುಡ್ಡು ಕೊಡುವ, ಲಾಯದಿಂದ ಹೊರಗೆ ಕಳಿಸಲು ಟ್ರೈನರ್ ಒಪ್ಪುವ ಕುದುರೆಗಳು. ಎಣಿಸಿದರೆ ಎಷ್ಟು ಉಳಿಯುತ್ತವೆ? ‘ಬಂದರೂ ಸಾಕು’ ಎನ್ನುವ ಮಾತು ನನ್ನ ಸರ್ವಿಸಿನಲ್ಲಿ ಮುಳುಗಿಸಿದಷ್ಟು ಜನರನ್ನು ಬರಗಾಲವೂ ಮುಳುಗಿಸಲಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿದೆ. ನಿನ್ನ ಕೊಳ ಅರವತ್ತು ಅಡಿ ಉದ್ದ, ಹನ್ನೆರಡು ಅಗಲ, ಹನ್ನೆರಡು ಆಳ. ಹಿಡಿಯುವ ನೀರು ಸುಮಾರು 2.45 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ನಲವತ್ತೊಂದು ಬೇಕು. 2024ರ ಮಾರ್ಚಿನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಆದೇಶ ಹೊರಡಿಸಿದ್ದು ನೆನಪಿದೆಯಾ? ಅದು ಮನುಷ್ಯರು ಈಜುವ ಕೊಳಗಳಿಗೇ! ಕುದುರೆಯಾದರೆ ನೀರಿನಲ್ಲೇ ಲದ್ದಿ ಹಾಕುತ್ತದೆ. ಹೋಗಲಿ, ನೀರು ಸಿಕ್ಕಿತು ಅಂದುಕೊ. ಹತ್ತಿಸಿ ಇಳಿಸಿ ಒರೆಸಿ ಎಲ್ಲ ಸೇರಿ ಒಂದಕ್ಕೆ ಕಾಲು ಗಂಟೆ ಎಂದರೆ ಬೆಳಗಿನ ನಾಲ್ಕು ಗಂಟೆಯಲ್ಲಿ ಹದಿನಾರು ಕುದುರೆ. ನಿನಗೆ ಗಟ್ಟಿಯಾಗಿ ಕಾಣುವುದು ನಾಲ್ಕೋ ಐದೋ. ಮಿಕ್ಕ ಹೊತ್ತೆಲ್ಲ ಪಂಪು ತಿರುಗುತ್ತದೆ, ಕರೆಂಟ್ ಬಿಲ್ ಏರುತ್ತದೆ, ಕೊಳ ಆಕಾಶ ನೋಡುತ್ತಿರುತ್ತದೆ.

ಇನ್ನು ದುಡ್ಡು ಕೊಡುವವರ ಕಡೆ ನೋಡು. ಪಂದ್ಯದ ಬಾಜಿಯ ಮೇಲೆ 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಹಣಕ್ಕೆ ಶೇ. 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರಿನಲ್ಲಿ ಅದು 40 ಆಯಿತು. 2024ರಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನ ಪರವಾನಗಿ ವಿಷಯ ಹೈಕೋರ್ಟಿಗೆ ಹೋಗಿ ಪಂದ್ಯ ನಿಂತಿದ್ದವು. ಅದೇ ವರ್ಷ ತಮಿಳುನಾಡು ಸರ್ಕಾರ ಊಟಿಯ ರೇಸ್ ಕೋರ್ಸ್ ಜಾಗವನ್ನೂ ಚೆನ್ನೈನ ಗಿಂಡಿಯದನ್ನೂ ವಾಪಸ್ ತೆಗೆದುಕೊಂಡಿತು. ಬಾಜಿ ಇಳಿದರೆ ಬಹುಮಾನದ ಹಣ ಇಳಿಯುತ್ತದೆ. ಬಹುಮಾನ ಇಳಿದರೆ ಕುಂಟುವ ಕುದುರೆಗೆ ಒಂಬತ್ತು ತಿಂಗಳು ಹುರುಳಿ ಹಾಕಿಸುವ ಮನಸ್ಸು ಯಜಮಾನನಿಗೆ ಬರುವುದು ಕಷ್ಟ. ಅದರ ಮೇಲೆ ಬೆಂಗಳೂರು ಕ್ಲಬ್ಬಿನ ಆವರಣದಲ್ಲೇ ಪಶುವೈದ್ಯ ಆಸ್ಪತ್ರೆ ಇದೆ. ದೊಡ್ಡ ಕ್ಲಬ್ಬುಗಳು ತಮ್ಮದೇ ಕೊಳ ಇಟ್ಟುಕೊಳ್ಳುವುದೂ ಉಂಟು. ಇಲ್ಲಿನ ರೇಸ್ ಕೋರ್ಸನ್ನು ಊರಾಚೆ ಸಾಗಿಸುವ ಮಾತಿಗೆ ದಶಕಗಳ ವಯಸ್ಸಾಯಿತು, ಕುಣಿಗಲ್ ಹೆಸರೂ ಬಂದಿದೆ. ಟಿಪ್ಪುವಿನ ಕಾಲದ ಕುದುರೆ ಫಾರಂ ಇರುವ ಊರು, ಹೋದರೂ ಹೋಗಬಹುದು. ಆಗ ನಿನ್ನ ಗಿರಾಕಿ ನೆಲಮಂಗಲದ ದಾರಿ ಹಿಡಿಯುತ್ತಾನೆ, ನೀನು ಕೆಂಗೇರಿಯಾಚೆ ಮೈಸೂರು ರಸ್ತೆಯಲ್ಲಿ ಕೂತಿರುತ್ತೀಯ.

ಆದರೂ ಆ ಮೈಸೂರು ರಸ್ತೆಯೇ ನಿನಗೆ ಒದಗಬಹುದು ಅನಿಸುತ್ತದೆ. ಮೈಸೂರಿನಲ್ಲಿ ರೇಸ್ ಕ್ಲಬ್ ಇದೆ, ಅಶ್ವಾರೋಹಿ ಪೊಲೀಸ್ ದಳ ಇದೆ, ಟಾಂಗಾಗಳಿವೆ. ಇಲ್ಲಿ ಬೆಂಗಳೂರಿನಲ್ಲಿ ಸವಾರಿ ಶಾಲೆಗಳಿವೆ, ಮದುವೆ ಮೆರವಣಿಗೆಯ ಕುದುರೆಗಳೂ ಇವೆ. ಟಾಂಗಾದವನ ಹತ್ತಿರ, ಮೆರವಣಿಗೆಯವನ ಹತ್ತಿರ ನಿನ್ನ ರೇಟು ಹುಟ್ಟುವುದಿಲ್ಲ, ಅವರನ್ನು ಧರ್ಮಕ್ಕೆ ನೋಡು, ಲೆಕ್ಕಕ್ಕೆ ಹಿಡಿಯಬೇಡ. ಸವಾರಿ ಶಾಲೆಯವರು ಬೇರೆ. ಅವರಿಗೆ ಕುದುರೆ ಒಂದು ದಿನದ ಪಂದ್ಯಕ್ಕಲ್ಲ, ಹತ್ತಾರು ವರ್ಷಕ್ಕೆ ಬೇಕು.

ಲಾಯಗಳಿಗೆ ಹೋಗಿ ಕೇಳುವಾಗ ‘ಇಂಥದ್ದು ಮಾಡಿದರೆ ಹೇಗೆ’ ಎನ್ನಬೇಡ. ಚೆನ್ನಾಗಿದೆ ಎನ್ನುತ್ತಾರೆ, ಕಾಫಿಯನ್ನೂ ಕೊಡುತ್ತಾರೆ. ಹೋದ ವರ್ಷ ನಿಮ್ಮಲ್ಲಿ ಎಷ್ಟು ಕುದುರೆ ಕುಂಟಿದವು, ಎಲ್ಲಿಗೆ ಕಳಿಸಿದಿರಿ, ತಿಂಗಳಿಗೆ ಎಷ್ಟು ಕೊಟ್ಟಿರಿ ಎಂದು ಕೇಳು. ಯಜಮಾನ ಒಂದು ಹೇಳುತ್ತಾನೆ, ಟ್ರೈನರ್ ಇನ್ನೊಂದು. ನಿಜ ಗೊತ್ತಿರುವುದು ಮೈ ತಿಕ್ಕುವ ಸೈಸ್‌ಗೆ, ಲಾಳ ಹೊಡೆಯುವವನಿಗೆ. ಬೆಳಗಿನ ಐದಕ್ಕೆ ಹೋಗಿ ಅವರ ಜೊತೆ ಟೀ ಕುಡಿ. ಗ್ಲಾಂಡರ್ಸ್ ರೋಗ ಬಂದು ಕುದುರೆಗಳ ಓಡಾಟ ನಿಲ್ಲಿಸಿದರೆ ಎಷ್ಟು ತಿಂಗಳು ತಡೆದುಕೊಳ್ಳುತ್ತೀಯ ಎಂದು ನಿನ್ನನ್ನೇ ಕೇಳಿಕೊ. ರಿಪೋರ್ಟಿನಲ್ಲಿ ಆ ಸಾಲೇ ಇಲ್ಲ.

ಕೊಳ ಈಗ ತೋಡಬೇಡ. ಎಂಟು ಲಾಯ ಕಟ್ಟು, ಮೆತ್ತನೆಯ ಮಣ್ಣಿನ ಅಂಗಳ ಮಾಡು, ಕೈಹಿಡಿದು ನಡೆಸುವ ಆರೈಕೆಯಿಂದ ಶುರು ಮಾಡು. ಒಂದು ವರ್ಷ ಎಂಟೂ ಲಾಯ ತುಂಬಿದ್ದು, ಅದರಲ್ಲಿ ಐದಕ್ಕಾದರೂ ನೀರು ಬೇಕೆಂದು ನೀನೇ ಬರೆದುಕೊಟ್ಟರೆ ಆಮೇಲೆ ಜೆಸಿಬಿ ಕರೆಸೋಣ. ಗ್ಯಾರಂಟಿಗೆ ನಾನು ಸಹಿ ಹಾಕುತ್ತೇನೆ.

ಮುಂದಿನ ತಿಂಗಳು ಬಸವೇಶ್ವರನಗರದ ಮನೆಗೆ ಬಾ. ರಿಪೋರ್ಟ್ ತರಬೇಡ. ಇಪ್ಪತ್ತು ಲಾಯಗಳಲ್ಲಿ ಕೇಳಿ ಬರೆದುಕೊಂಡ ನೋಟ್‌ಬುಕ್ ತಾ.