ಸಿಟ್ಟಿಗೂ ಒಂದು ಹೊತ್ತು

ಸಣ್ಣ ಮಕ್ಕಳ ಜಗಳಕ್ಕೆ ಹೊತ್ತುಗೊತ್ತು ಇರುತ್ತದೆ. ಬೆಂಗೇರಿಯ ಸರಕಾರಿ ಶಾಲೆಯೊಂದರಲ್ಲಿ, ಸಣ್ಣ ಮಕ್ಕಳು ಗುಂಪುಗಳಲ್ಲಿ ಕಾರ್ಡು ಹಿಡಿದು ಕಲಿಯುವ ನಲಿ-ಕಲಿ ತರಗತಿ ನಡೆಸುತ್ತ ನಡೆಸುತ್ತ ನನಗದು ಖಾತ್ರಿಯಾಯಿತು. ಬಿಸಿಯೂಟಕ್ಕೆ ಮುಂಚಿನ ಅರ್ಧ ತಾಸು, ಒಂದು ಗುಂಪಿನಿಂದ ಎದ್ದು ಇನ್ನೊಂದಕ್ಕೆ ಹೋಗುವ ಗಳಿಗೆ, ಸೋಮವಾರದ ಮೊದಲ ಅವಧಿ. ಪೆನ್ಸಿಲ್ ಕಸಿದದ್ದಕ್ಕೆ ಮೈಮೇಲೆ ಬೀಳುವುದು, ಕಾರ್ಡು ಎಸೆಯುವುದು, ಬಾಗಿಲ ಹಿಂದೆ ಮುಖ ಮುಚ್ಚಿಕೊಂಡು ಕೂಡುವುದು ಹೆಚ್ಚಾಗಿ ಆಗಲೇ. ಹಸಿದ ಮಗುವಿಗೆ ಸಮಾಧಾನದ ಪಾಠ ಹತ್ತುವುದಿಲ್ಲ. ಅದಕ್ಕೇ ಲೆಕ್ಕವನ್ನು ಬೆಳಿಗ್ಗೆ ಹಾಲು ಕುಡಿದ ಮೇಲಿನ ಹೊತ್ತಿಗೆ ತಂದು, ಊಟದ ಮುಂಚೆ ಹಾಡು, ಮಣ್ಣಿನ ಕೆಲಸ ಇಟ್ಟೆ. ಜಗಳ ಕಣ್ಣಿಗೆ ಕಾಣುವಷ್ಟು ಇಳಿದವು.

ಜುಲೈ ತಿಂಗಳದ್ದು ಬೇರೆಯೇ ಸಂಗತಿ. ನಮ್ಮ ಕೆಲವು ಮಕ್ಕಳ ತಾಯಂದಿರು ಇಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಆಗಸ್ಟ್ 15 ಹತ್ತಿರ ಬಂದಂತೆ ಕೈತುಂಬ ಕೆಲಸ, ಅವ್ವ ಮನೆಗೆ ಬರುವಾಗ ಕತ್ತಲೆ. ಆ ವಾರಗಳಲ್ಲಿ ಮಕ್ಕಳು ಚಿಕ್ಕಪುಟ್ಟದ್ದಕ್ಕೂ ಅಳುತ್ತಾರೆ. ಆದರೆ 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಖಾದಿ ಬಾವುಟದ ಬೇಡಿಕೆ ಕುಗ್ಗಿದಾಗ ಅದೇ ಮನೆಗಳ ಮಕ್ಕಳು ಜಗಳವಾಡಲಿಲ್ಲ, ಸುಮ್ಮನಾದರು. ಸುಮ್ಮನೆ ಕೂತ ಮಗುವನ್ನು ಶಾಣ್ಯಾ ಎಂದು ಹೊಗಳುವುದು ನಮ್ಮಲ್ಲಿ ರೂಢಿ. ಅಂಥ ಮಗುವಿನ ಹತ್ತಿರ ಮೊದಲು ಹೋಗಿ ಕೂಡಬೇಕು ಎನ್ನುವುದು ಆ ವರ್ಷ ನನಗೆ ತಿಳಿಯಿತು.

ನಲಿ-ಕಲಿಯಲ್ಲಿ ಮಕ್ಕಳು ದಿನಾ ಹವಾಮಾನ ನಕ್ಷೆ ತುಂಬುತ್ತಾರೆ: ಬಿಸಿಲು, ಮೋಡ, ಮಳೆ. ಅದರ ಪಕ್ಕಕ್ಕೆ ಇನ್ನೊಂದು ಹಾಳೆ ತೂಗುಹಾಕಿ, ಬಂದ ಕೂಡಲೇ ತಮ್ಮ ಹೆಸರಿನ ಮುಂದೆ ತಮ್ಮ ಮುಖ ಬರೆಯಲು ಹೇಳಿದೆ. ಮೊದಮೊದಲು ಎಲ್ಲರದ್ದೂ ನಗುಮುಖವೇ. ನಾನೇ ಒಂದು ದಿನ ಬ್ಯಾಸರದ ಮುಖ ಬರೆದು, “ರಾತ್ರಿ ನಿದ್ದಿ ಆಗಿಲ್ಲಪಾ” ಎಂದ ಮೇಲೆ ಉಳಿದವರಿಗೂ ಧೈರ್ಯ ಬಂತು. “ಅಂಜಿಕಿ ಆಗೇತ್ರೀ ಅಕ್ಕೋರ, ರಾತ್ರಿ ಅಪ್ಪ ಒದರ್‍ಯಾಡಿದ” ಎಂದ ಹುಡುಗಿ ಅಷ್ಟು ಹೇಳಿ ಓದಲು ಕೂತಳು. ಅನಿಸಿದ್ದನ್ನು ಬಾಯಿಬಿಟ್ಟು ಹೇಳಿದಾಗ ಮೆದುಳಿನಲ್ಲಿ ಭಯ, ಸಿಟ್ಟು ಎಬ್ಬಿಸುವ ಅಮಿಗ್ಡಲದ ಆರ್ಭಟ ತಗ್ಗುತ್ತದೆ ಎಂದು ಸಂಶೋಧಕರು ತೋರಿಸಿದ್ದಾರೆ. ಆದರೆ ಅವಳು ಹೇಳಿದ ಮಾತನ್ನು ಎಲ್ಲರೆದುರು ಎತ್ತಿ ಆಡಬಾರದು. ಹಾಗೆ ಮಾಡಿದ ದಿನವೇ ಆ ಹಾಳೆ ಸತ್ತಂತೆ.

ಸಿಟ್ಟನ್ನು ತಡೆದು ಹಿಡಿಯುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಆರು ವರ್ಷದ ಮಗು ಒಂದೇ ತನ್ನನ್ನು ತಾನು ಸಂಭಾಳಿಸಿಕೊಳ್ಳಲಾರದು, ಪಕ್ಕದಲ್ಲಿ ಒಬ್ಬರು ಬೇಕು. ಕೆರಳಿದವನಿಗೆ ಬುದ್ಧಿವಾದ ಕೇಳಿಸುವುದಿಲ್ಲ. ನಾನು ನೆಲಕ್ಕೆ ಕೂತು, ದನಿ ಇಳಿಸಿ, ಅವನ ಜೊತೆ ಉಸಿರು ಬಿಡುತ್ತೇನೆ, ಬಿಸಿ ಹಾಲು ಆರಿಸುವ ಹಾಗೆ ಉದ್ದಕ್ಕೆ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ. ಇದನ್ನು ಕಲಿಸುವುದು ಮಾತ್ರ ಎಲ್ಲರೂ ನಗುನಗುತ್ತ ಇದ್ದಾಗ, ಆಟದಂತೆ, ದಿನಾ. ಯಾರು ಹೊಡೆದರು, ಯಾಕೆ ಎಂಬ ವಿಚಾರಣೆ ಅವನು ನೀರು ಕುಡಿದ ಮೇಲೆ. ಹೊಡೆದದ್ದು ತಪ್ಪೆಂದು ಹೇಳಲೇಬೇಕು, ಬಿದ್ದವನನ್ನು ಎಬ್ಬಿಸಿ ಮಣ್ಣು ಒರೆಸುವ ಕೆಲಸ ಹೊಡೆದವನದೇ.

ಕೊರೊನಾ ರಜೆ ಮುಗಿದು 2021ರ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಗಳು ತೆರೆದಾಗ ಮಕ್ಕಳಿಗೆ ಹೀಗೆ ಸಂಭಾಳಿಸಿಕೊಳ್ಳಲು ಕಲಿಸುವುದರ ಬೆಲೆ ಇನ್ನಷ್ಟು ಗೊತ್ತಾಯಿತು. ಎರಡನೇ ತರಗತಿಗೆ ಬಂದ ಮಕ್ಕಳು ಒಂದನೇ ತರಗತಿಯ ಕೋಣೆಯಲ್ಲಿ ಕೂತವರೇ ಅಲ್ಲ. ಸರದಿ ಕಾಯುವುದು, ಸೋಲುವುದು, ಕೇಳಿ ತಗೊಳ್ಳುವುದು, ಎಲ್ಲ ಹೊಸತು. ಅಕ್ಷರಕ್ಕಿಂತ ಮೊದಲು ಅದನ್ನೇ ಕಲಿಸಬೇಕಾಯಿತು. ಪಠ್ಯ ಹಿಂದೆ ಬಿತ್ತೆಂಬ ಕೊರಗು ನನಗಿಲ್ಲ.

ಎಲ್ಲ ಮಕ್ಕಳಿಗೂ ಇಷ್ಟೇ ಸಾಲದು. ವಾರಗಟ್ಟಲೆ ಊಟ ಬಿಟ್ಟವರು, ತಮ್ಮನ್ನೇ ಕಚ್ಚಿಕೊಳ್ಳುವವರು, ಮಾತೇ ನಿಲ್ಲಿಸಿದವರು ಇರುತ್ತಾರೆ. ಅಂಥವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೆಸರು ಹೇಳಿದ ಕೂಡಲೇ ತಂದೆತಾಯಿ, “ನಮ್ಮ ಹುಡುಗಗ ಹುಚ್ಚ ಹಿಡದೈತೇನ್ರೀ?” ಎಂದು ಅಂಜುತ್ತಾರೆ. ವಾದ ಮಾಡಿ ಫಲವಿಲ್ಲ. ಮೊದಲ ಸಲ ರಜೆ ಹಾಕಿ ನಾನೂ ಅವರ ಜೊತೆ ಬಸ್ಸು ಹತ್ತುತ್ತೇನೆ. ಎರಡನೇ ಸಲ ಅವರೇ ಹೋಗಿಬರುತ್ತಾರೆ.