ಮೈಲುತುತ್ತು, ಸುಣ್ಣ ಮತ್ತು ಮಕ್ಕಳ ವಿಜ್ಞಾನ ಪಾಠ



ಜೂನ್ ತಿಂಗಳು ಬಂತೆಂದರೆ ಕಾಸರಗೋಡಿನ ಕಡೆಯ ನಮ್ಮ ಮನೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ಬರುತ್ತವೆ. ಒಂದು, ಮಕ್ಕಳಿಗೆ ಶಾಲೆ ಶುರು. ಇನ್ನೊಂದು, ಅಡಿಕೆ ತೋಟಕ್ಕೆ ಮದ್ದು ಬಿಡುವುದು. ಅಂಗಳದಲ್ಲಿ ತಂದೆ ಮೈಲುತುತ್ತನ್ನೂ ಸುಣ್ಣವನ್ನೂ ಬೆರೆಸುತ್ತಿರುತ್ತಾರೆ. ಜಗಲಿಯಲ್ಲಿ ಮಗಳು ರಸಾಯನಶಾಸ್ತ್ರದ ಪುಸ್ತಕ ಬಿಡಿಸಿ, ಯಾವ ಲೋಹ ಹೆಚ್ಚು ಕ್ರಿಯಾಶೀಲ, ಯಾವುದು ಕಡಿಮೆ ಎಂದು ಬಾಯಿಪಾಠ ಮಾಡುತ್ತಿರುತ್ತಾಳೆ. ಇಬ್ಬರ ಮುಂದಿರುವುದೂ ಒಂದೇ ಪಾಠ. ಆದರೆ ತಂದೆ ಪುಸ್ತಕ ನೋಡುವುದಿಲ್ಲ, ಮಗಳು ಮದ್ದಿನ ಪಾತ್ರೆ ನೋಡುವುದಿಲ್ಲ.

ಮಕ್ಕಳಿಗೆ ವಿಜ್ಞಾನದಲ್ಲಿ ಅಂಕ ಕಡಿಮೆಯಾದಾಗ ಹೆತ್ತವರು ಹೇಳುವ ಮಾತು ನಮಗೆಲ್ಲ ಗೊತ್ತಿದೆ: "ನಾವು ಹೆಚ್ಚು ಕಲಿತವರಲ್ಲ, ಅದೆಲ್ಲ ನಮಗೆ ಹೇಳಿಕೊಡಲಿಕ್ಕೆ ಆಗುತ್ತದಾ?" ಆಗುತ್ತದೆ ಎಂಬುದೇ ಈ ಲೇಖನದ ಸಾರಾಂಶ. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಮೂಲ ಪಾಠಗಳನ್ನು ಅಭ್ಯಾಸ ಮಾಡಲು ಬೇಕಾದ ಸಾಮಾನುಗಳಲ್ಲಿ ಬಹುಪಾಲು ಕೃಷಿಕನ ಮನೆಯಲ್ಲೇ ಇವೆ.

ಅಭ್ಯಾಸ ಎಂದರೇನು?

ಒಂದು ವ್ಯಾಖ್ಯೆಯನ್ನು ಹತ್ತು ಸಲ ಬರೆಯುವುದು ಕೈಗೆ ಅಭ್ಯಾಸ, ಬುದ್ಧಿಗಲ್ಲ. ವಿಜ್ಞಾನದ ಅಭ್ಯಾಸಕ್ಕೆ ಮೂರು ಪ್ರಶ್ನೆಗಳು ಸಾಕು. ಕೆಲಸಕ್ಕೆ ಮೊದಲು: "ಏನಾಗಬಹುದು?" ಕೆಲಸವಾದ ಮೇಲೆ: "ಏನಾಯಿತು?" ಕೊನೆಗೆ: "ಯಾಕೆ ಹಾಗಾಯಿತು?" ಇವುಗಳಲ್ಲಿ ಮೊದಲನೆಯದೇ ಮುಖ್ಯ. ಮೊದಲೇ ಊಹಿಸಿ ಹೇಳಿದ ಮಗುವಿಗೆ ಫಲಿತಾಂಶ ನೋಡುವ ಕುತೂಹಲ ಇರುತ್ತದೆ. ಊಹೆ ತಪ್ಪಿದರಂತೂ ಆ ಪಾಠವನ್ನು ಅದು ಮರೆಯುವುದಿಲ್ಲ. ಈ ಮೂರು ಪ್ರಶ್ನೆಗಳನ್ನು ಕೇಳಲು ಹೆತ್ತವರಿಗೆ ಯಾವ ಪದವಿಯೂ ಬೇಡ.

ನಾವು ಬಿಡುವ ಬೋರ್ಡೋ ಮದ್ದು ಹುಟ್ಟಿದ್ದೂ ಇಂತಹ ಒಂದು ಪ್ರಶ್ನೆಯಿಂದಲೇ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಂತೆ, ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣದ ನೀಲಿ ನೀರನ್ನು ಎರಚುವ ಕ್ರಮವಿತ್ತು. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲದೆ ಇದ್ದುದನ್ನು ಸಸ್ಯಶಾಸ್ತ್ರಜ್ಞ ಮಿಲ್ಲಾರ್ಡೆ ಗಮನಿಸಿ "ಯಾಕೆ?" ಎಂದು ಕೇಳಿಕೊಂಡರು. ರಸಾಯನಶಾಸ್ತ್ರಜ್ಞ ಗಯೋನ್ ಅವರ ಸಹಾಯದಿಂದ ಪರೀಕ್ಷೆಗಳನ್ನು ಮಾಡಿ 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಮ್ಮ ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸರಕಾರದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಧ್ಯಯನ ನಡೆಸಿ 1910ರಲ್ಲಿ ವರದಿ ಬರೆದರು. ಇಂದಿಗೂ ಕೊಳೆರೋಗಕ್ಕೆ ನಮ್ಮ ಮುಖ್ಯ ಆಸರೆ ಈ ಬೋರ್ಡೋ ಮದ್ದೇ.

ಮದ್ದಿನ ಪಾತ್ರೆಯಲ್ಲಿ ರಸಾಯನಶಾಸ್ತ್ರ

1. ಶೇಕಡಾ ಲೆಕ್ಕ. ಶೇಕಡಾ 1ರ ಮದ್ದಿಗೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಹಾಗಾದರೆ 200 ಲೀಟರಿನ ಡ್ರಮ್ಮಿಗೆ ಎಷ್ಟು? 15 ಲೀಟರಿನ ಸ್ಪ್ರೇಯರಿಗೆ ಎಷ್ಟು? ತಂದೆ ತೂಗುವ ಮೊದಲು ಮಗ ಕಾಗದದಲ್ಲಿ ಲೆಕ್ಕ ಹಾಕಲಿ.

2. ಶಾಖ ಬಿಡುವ ಕ್ರಿಯೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಅದು ಕುದಿಯುತ್ತದೆ. ಬೆಂಕಿ ಇಲ್ಲದೆ ಬಿಸಿ ಎಲ್ಲಿಂದ ಬಂತು? ಕ್ಯಾಲ್ಸಿಯಂ ಆಕ್ಸೈಡ್ ನೀರಿನೊಡನೆ ಸೇರಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುವಾಗ ಹೊರಬಂದ ಶಾಖವದು. ಇದನ್ನು ದೊಡ್ಡವರೇ ಮಾಡಬೇಕು. ಮಕ್ಕಳು ದೂರ ನಿಂತು ನೋಡಲಿ.

3. ಸುಣ್ಣ ಹಳತಾಗುವುದು. ಸುಣ್ಣದ ತಿಳಿನೀರನ್ನು ಗಾಜಿನ ಲೋಟದಲ್ಲಿ ತೆಗೆದು, ಬೊಂಡ ಕುಡಿಯುವ ಕೊಳವೆಯಿಂದ ಮೆಲ್ಲನೆ ಊದಿದರೆ ನೀರು ಹಾಲಿನಂತಾಗುತ್ತದೆ. ಊದಬೇಕು, ಎಳೆಯಬಾರದು. ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ತೆರೆದಿಟ್ಟ ಸುಣ್ಣಕ್ಕೆ ಗಾಳಿಯಿಂದ ಆಗುವುದೂ ಇದೇ. ಹಳೆಯ ಸುಣ್ಣ ಮದ್ದಿಗೆ ಯಾಕೆ ಆಗುವುದಿಲ್ಲ ಎಂಬುದಕ್ಕೆ ಉತ್ತರ ಆ ಲೋಟದಲ್ಲಿದೆ.

4. ಕತ್ತಿಯ ಪರೀಕ್ಷೆ. ಮೈಲುತುತ್ತನ್ನು ಅರ್ಧ ನೀರಿನಲ್ಲಿ, ಸುಣ್ಣವನ್ನು ಉಳಿದರ್ಧ ನೀರಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡುತ್ತೇವೆ. ಬಳಿಕ ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ನೋಡುತ್ತೇವೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದು ಇನ್ನಷ್ಟು ಸೇರಿಸುತ್ತೇವೆ. ಅಜ್ಜಂದಿರ ಕಾಲದಿಂದ ನಡೆದುಬಂದ ಈ ಪರೀಕ್ಷೆಯೇ ಹತ್ತನೇ ತರಗತಿಯ ಪಾಠ. ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಆದುದರಿಂದ ಅದು ದ್ರಾವಣಕ್ಕೆ ಇಳಿದು, ತಾಮ್ರವನ್ನು ಹೊರಗೆ ತಳ್ಳುತ್ತದೆ:

ಕಬ್ಬಿಣ + ಕಾಪರ್ ಸಲ್ಫೇಟ್ → ಫೆರಸ್ ಸಲ್ಫೇಟ್ + ತಾಮ್ರ

ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಕರಗದ ರೂಪಕ್ಕೆ ಬಂದಿರುತ್ತದೆ, ಕತ್ತಿಗೆ ಅಂಟಲು ಏನೂ ಉಳಿದಿರುವುದಿಲ್ಲ. ಮದ್ದನ್ನು ಕಬ್ಬಿಣದ ಪಾತ್ರೆಯಲ್ಲಿ ಯಾಕೆ ಕಲಸಬಾರದು ಎಂದು ಈಗ ಮಗುವನ್ನು ಕೇಳಿ. ಕತ್ತಿಗೆ ಆದದ್ದೇ ಪಾತ್ರೆಗೂ ಆಗುತ್ತದೆ ಎಂದು ಅದು ಹೇಳಿದರೆ ಪಾಠ ಬಂತೆಂದು ತಿಳಿಯಿರಿ.

5. ಅರಶಿನದ ಕಾಗದ. ಬಟ್ಟೆಯ ಅರಶಿನ ಕಲೆಗೆ ಸಾಬೂನು ತಾಗಿದರೆ ಕೆಂಪಾಗುತ್ತದೆ ಎಂಬುದು ಎಲ್ಲ ತಾಯಂದಿರಿಗೂ ಗೊತ್ತು. ಬಿಳಿ ಕಾಗದವನ್ನು ಅರಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿಡಿ. ಪ್ರತ್ಯಾಮ್ಲದಲ್ಲಿ ಅದು ಕೆಂಪಾಗುತ್ತದೆ, ಲಿಂಬೆರಸ ಹಾಕಿದರೆ ಮತ್ತೆ ಹಳದಿಯಾಗುತ್ತದೆ. ಸುಣ್ಣ ಸರಿಯಾಗಿ ಬಿದ್ದ ಮದ್ದಿನಲ್ಲೂ ಪಟ್ಟಿ ಕೆಂಪಾಗಬೇಕು. ಆದರೆ ಒಂದು ಮಿತಿ ಇದೆ. ಹುಳಿಯಲ್ಲೂ ಬರೇ ನೀರಿನಲ್ಲೂ ಅರಶಿನ ಹಳದಿಯಾಗಿಯೇ ಇರುತ್ತದೆ. ಆ ಭೇದ ತಿಳಿಯಲು ದಾಸವಾಳದ ರಸ ಉತ್ತಮ. ಅದು ಆಮ್ಲದಲ್ಲಿ ಕೆಂಪು, ಪ್ರತ್ಯಾಮ್ಲದಲ್ಲಿ ಹಸುರು.

ಕಂಗಿನ ಬುಡದಲ್ಲಿ ಭೌತಶಾಸ್ತ್ರ

1. ಒತ್ತಡ. ನೀರನ್ನು 10 ಮೀಟರ್ ಮೇಲಕ್ಕೇರಿಸಲು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಬೇಕು. 15 ಮೀಟರ್ ಎತ್ತರದ ಕಂಗಿಗೆ ಮದ್ದು ಏರಲಿಕ್ಕೆ ಮಾತ್ರ ಒಂದೂವರೆ ಕಿಲೋ ಆಯಿತು. ಪೈಪಿನೊಳಗಿನ ಘರ್ಷಣೆಗೂ ನಾಸಲಿನಿಂದ ತುಂತುರಾಗಿ ಹೊರಡಲಿಕ್ಕೂ ಇನ್ನಷ್ಟು ಬೇಕು. ಹಳೆಯ ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ ನೀರು ತುಂಬಿಸಿದರೆ ಯಾವ ತೂತಿನ ನೀರು ರಭಸದಿಂದ ಚಿಮ್ಮೀತು? ಮೊದಲು ಊಹೆ, ಆಮೇಲೆ ನೀರು.

2. ಸನ್ನೆ. ಅಡಿಕೆ ಕತ್ತರಿ ಎರಡನೇ ವರ್ಗದ ಸನ್ನೆ. ಒಂದು ತುದಿಯಲ್ಲಿ ಕೀಲು, ನಡುವೆ ಅಡಿಕೆ, ಇನ್ನೊಂದು ತುದಿಯಲ್ಲಿ ಕೈ. ಕೀಲಿನಿಂದ ಅಡಿಕೆ 3 ಸೆಂಟಿಮೀಟರ್, ಕೈ 15 ಸೆಂಟಿಮೀಟರ್ ದೂರದಲ್ಲಿದ್ದರೆ ಕೈಯ ಬಲ ಅಡಿಕೆಯ ಮೇಲೆ ಐದು ಪಟ್ಟು ಬೀಳುತ್ತದೆ. ಅಡಿಕೆಯನ್ನು ಕೀಲಿನ ಹತ್ತಿರ ಸರಿಸಿದರೆ ಸುಲಭವೋ ಕಷ್ಟವೋ?

3. ದೋಟಿಯ ಭಾರ. ನೆಟ್ಟಗೆ ಹಿಡಿದ ದೋಟಿ ಹಗುರ, ವಾಲಿದ ದೋಟಿ ಭಾರ. ತೂಕ ಬದಲಾಗಲಿಲ್ಲ, ಮತ್ತೇನು ಬದಲಾಯಿತು? ದೋಟಿಯ ಗುರುತ್ವ ಕೇಂದ್ರವು ಬುಡದಿಂದ ಆಚೆಗೆ ಸರಿದಷ್ಟೂ ಅದನ್ನು ಬೀಳಿಸುವ ತಿರುಗುಬಲ ಹೆಚ್ಚುತ್ತದೆ. ವಾಲಿದ ದೋಟಿಯನ್ನು ಹಿಡಿದವನ ಸೊಂಟ ಉಳುಕುವುದಕ್ಕೆ ಕಾರಣ ಇದೇ. ಮರದ ಹತ್ತಿರಕ್ಕೆ ಹೋಗಿ ನೆಟ್ಟಗೆ ಎತ್ತುವುದು ಆರೋಗ್ಯಕ್ಕೂ ಒಳ್ಳೆಯದು.

4. ಸಾಂದ್ರತೆ. ಬೀಜಕ್ಕಾಗಿ ಆರಿಸಿದ ಹಣ್ಣಡಿಕೆಗಳನ್ನು ನೀರಿಗೆ ಹಾಕಿ, ತೊಟ್ಟಿನ ಭಾಗ ಮೇಲಾಗಿ ನೆಟ್ಟಗೆ ನಿಂತು ತೇಲುವವನ್ನೇ ಬಿತ್ತಬೇಕೆಂದು ಕೃಷಿ ತಜ್ಞರು ಹೇಳುತ್ತಾರೆ. ಅವುಗಳಿಂದ ಪುಷ್ಟಿಯಾದ ಸಸಿಗಳು ಬರುತ್ತವೆ. ಕೆಲವು ಅಡ್ಡಡ್ಡ ತೇಲುವುದೇಕೆ, ಕೆಲವು ನೆಟ್ಟಗೆ ನಿಲ್ಲುವುದೇಕೆ? ಸಾಂದ್ರತೆ, ತೇಲುವಿಕೆ, ಗುರುತ್ವ ಕೇಂದ್ರ ಮೂರೂ ಒಂದು ಬಾಲ್ದಿ ನೀರಿನಲ್ಲಿ ಸಿಗುತ್ತವೆ.

ಅಂಕಕ್ಕಿಂತ ದೊಡ್ಡ ವಿಷಯ

"ಲೋಹಗಳು ವಿದ್ಯುದ್ವಾಹಕಗಳು, ಅಲೋಹಗಳು ಅಲ್ಲ" ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅಲ್ಯುಮಿನಿಯಂ ದೋಟಿ ಕರೆಂಟಿನ ತಂತಿಗೆ ತಾಗಬಾರದೆಂದು ನಾವೂ ಬಲ್ಲೆವು. ಆದರೆ ಈಚಿನ ವರ್ಷಗಳಲ್ಲಿ ತೋಟಗಳಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ? ಅದು ಲೋಹವಲ್ಲ, ಮುಟ್ಟಿದರೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಬಾಯಿಪಾಠ ಮಾಡಿದ ಮಗು "ಇದರಲ್ಲಿ ಕರೆಂಟು ಹರಿಯುವುದಿಲ್ಲ" ಎಂದೀತು. ನಿಜವಾಗಿ ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಅದೇ ಪುಸ್ತಕದಲ್ಲಿ, ಇಂಗಾಲದ ಒಂದು ರೂಪವಾದ ಗ್ರಾಫೈಟ್ ವಿದ್ಯುದ್ವಾಹಕ ಎಂದೂ ಬರೆದಿದೆ. ಎರಡು ವಾಕ್ಯಗಳನ್ನು ಜೋಡಿಸಿ ನೋಡುವ ಅಭ್ಯಾಸ ಇಲ್ಲದಿದ್ದರೆ ಒಂದು ಜೀವ ಹೋಗಬಹುದು.

ಇದನ್ನು ಮನೆಯಲ್ಲಿ ತೋರಿಸಬಹುದು. ಟಾರ್ಚಿನ ಎರಡು ಸೆಲ್, ಒಂದು ಸಣ್ಣ ಎಲ್‌ಇಡಿ, ವಯರಿನ ತುಂಡುಗಳು ಮತ್ತು ಎರಡೂ ಕಡೆ ಚೂಪು ಮಾಡಿದ ಗಿಡ್ಡ ಪೆನ್ಸಿಲ್ ಸಾಕು. ಪೆನ್ಸಿಲಿನ ಕಡ್ಡಿಯ ಮೂಲಕ ಬಲ್ಬು ಉರಿಯುವುದನ್ನು ಮಗು ಕಣ್ಣಾರೆ ನೋಡಲಿ. ಉರಿಯದಿದ್ದರೆ ಎಲ್‌ಇಡಿಯ ಕಾಲುಗಳನ್ನು ಅದಲು ಬದಲು ಮಾಡಿ. ಆದರೆ ಮನೆಯ 230 ವೋಲ್ಟ್ ಪ್ಲಗ್ಗಿನ ಹತ್ತಿರ ಯಾವ ಪ್ರಯೋಗವೂ ಬೇಡ. ತೋಟದ ಮೇಲೆ ಹಾದುಹೋಗುವ 11,000 ವೋಲ್ಟಿನ ತಂತಿಗೆ ದೋಟಿ ತಾಗಬೇಕೆಂದೂ ಇಲ್ಲ, ತೀರ ಹತ್ತಿರ ಹೋದರೂ ಅಪಾಯ. ಒದ್ದೆ ಬಿದಿರನ್ನೂ ನಂಬಬೇಡಿ.

ಗಮನಿಸಬೇಕಾದ ಎಚ್ಚರಿಕೆಗಳು

ಮೈಲುತುತ್ತು ಹೊಟ್ಟೆಗೆ ಹೋದರೆ ವಿಷ, ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೆ ಅಪಾಯ. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧ ನೀರನ್ನು 20 ನಿಮಿಷವಾದರೂ ಹರಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೈಲುತುತ್ತು ನುಂಗಿದವರಿಗೆ ವಾಂತಿ ಮಾಡಿಸಲು ಹೋಗಬೇಡಿ, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲವನ್ನು ತೆಳುಮಾಡುವಾಗ ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಕೀಟನಾಶಕಗಳನ್ನು ಮಕ್ಕಳ ಪ್ರಯೋಗಕ್ಕೆ ಎಂದೂ ಕೊಡಬಾರದು.

ಭಾಷೆಯ ಭಯ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಹತ್ತನೇ ತರಗತಿ ಮುಗಿಸಿ ಪ್ಲಸ್ ಟೂ ಸೇರಿದೊಡನೆ ವಿಜ್ಞಾನ ಇಂಗ್ಲಿಷಿಗೆ ತಿರುಗುತ್ತದೆ. ಕಲಿಯುವ ಮಕ್ಕಳು ಕೂಡ ಅಲ್ಲಿ ಎಡವುತ್ತಾರೆ. ಸಾಂದ್ರತೆ ಎಂಬುದನ್ನು ಬರೇ ಶಬ್ದವಾಗಿ ಕಲಿತವನಿಗೆ 'ಡೆನ್ಸಿಟಿ' ಇನ್ನೊಂದು ಹೊಸ ಶಬ್ದ, ಎರಡು ಪಟ್ಟು ಹೊರೆ. ಬಾಲ್ದಿಯಲ್ಲಿ ಅಡಿಕೆ ತೇಲಿಸಿ ಕಲಿತವನಿಗೆ ಅದು ಗೊತ್ತಿರುವ ಸಂಗತಿಯ ಇನ್ನೊಂದು ಹೆಸರು ಮಾತ್ರ. ಆದುದರಿಂದ ಈಗಿನ ಎರಡು ವರ್ಷಗಳನ್ನು ಬಾಯಿಪಾಠದಲ್ಲಿ ಕಳೆಯದಿರೋಣ.

ಈ ತಿಂಗಳ ಅಭ್ಯಾಸ

ಅ) ಶೇಕಡಾ 1ರ 15 ಲೀಟರ್ ಮದ್ದಿಗೆ ಮೈಲುತುತ್ತು ಎಷ್ಟು? (ಉತ್ತರ: 150 ಗ್ರಾಂ.)

ಆ) ನೆಲದಿಂದ 6 ಮೀಟರ್ ಎತ್ತರದಲ್ಲಿರುವ ಟಾಂಕಿಯ ನೀರಿಗೆ ನೆಲಮಟ್ಟದ ನಳ್ಳಿಯಲ್ಲಿ ಒತ್ತಡ ಎಷ್ಟು? (ಉತ್ತರ: ಚದರ ಸೆಂಟಿಮೀಟರಿಗೆ ಸುಮಾರು 0.6 ಕಿಲೋ.)

ಇ) ಲಿಂಬೆರಸ, ಮಜ್ಜಿಗೆ, ಸಾಬೂನು ನೀರು, ಬೂದಿ ನೀರು, ಬಾವಿ ನೀರು - ಅರಶಿನದ ಪಟ್ಟಿಯಲ್ಲೂ ದಾಸವಾಳದ ರಸದಲ್ಲೂ ಪರೀಕ್ಷಿಸಿ. ಮೊದಲು ಊಹೆ ಬರೆದಿಡಿ.

ಈ) ಹತ್ತನೆಯವರಿಗೆ: ಮೈಲುತುತ್ತಿನ ಹರಳಿನ ಅಣುತೂಕ ಸುಮಾರು 250, ಸುಟ್ಟ ಸುಣ್ಣದ್ದು 56. ಒಂದಕ್ಕೆ ಒಂದರಂತೆ ಸೇರುವುದಾದರೆ 1 ಕಿಲೋ ಮೈಲುತುತ್ತಿಗೆ ಎಷ್ಟು ಶುದ್ಧ ಸುಣ್ಣ ಸಾಕು? (ಉತ್ತರ: 224 ಗ್ರಾಂ.) ಹಾಗಿದ್ದೂ ನಾವು 1 ಕಿಲೋ ಹಾಕುವುದೇಕೆ? ನಮ್ಮ ಸುಣ್ಣ ಶುದ್ಧವಲ್ಲ, ಅದರಲ್ಲಿ ಒಂದು ಪಾಲು ಗಾಳಿಗೆ ಸತ್ತಿರುತ್ತದೆ. ಮೇಲಾಗಿ, ಕರಗಿದ ತಾಮ್ರ ಉಳಿದರೆ ಎಳೆ ಕಾಯಿ, ಸೋಗೆಗಳು ಸುಟ್ಟುಹೋಗುತ್ತವೆ. ಈ ಲೆಕ್ಕ ನೋಡಿ ಯಾರೂ ಸುಣ್ಣ ಕಡಿಮೆ ಮಾಡಬೇಡಿ. ಕೊನೆಯ ತೀರ್ಪು ಕತ್ತಿಯದ್ದೇ.

ಮೊದಲ ಮದ್ದು ಬಿಟ್ಟು 40-45 ದಿನಗಳಲ್ಲಿ ಎರಡನೆಯ ಸಲ ಬಿಡುವ ಹೊತ್ತು ಬರುತ್ತದೆ. ಆ ದಿನ ಮಕ್ಕಳನ್ನು ಒಂದು ಗಂಟೆ ಅಂಗಳಕ್ಕೆ ಕರೆಯಿರಿ. ಕತ್ತಿ ಅದ್ದುವ ಮೊದಲು ಕೇಳಿ: "ಏನಾಗಬಹುದು, ಮಗಾ?" ಅವರು ಹೇಳಿದ್ದನ್ನು ತಾಳ್ಮೆಯಿಂದ ಕೇಳಿ, ನಗಬೇಡಿ. ನಿಮಗೆ ಗೊತ್ತಿರುವುದು ಅವರಿಗೂ, ಅವರ ಪುಸ್ತಕದಲ್ಲಿರುವುದು ನಿಮಗೂ ಆ ಒಂದು ಗಂಟೆಯಲ್ಲಿ ತಿಳಿಯಲಿ.